ಟೆಹರಾನಿನಿಂದ ಮರಳಿದ ಮಾಸ್ತರರ ಕಿಸೆ

ಎಪ್ಪತ್ತಾರರ ಜೂನ್, ಸೋಮವಾರ, ಮಧ್ಯಾಹ್ನ ಒಂದು ಗಂಟೆ. ಗುಡಗೇರಿಯ ಶಾಲೆಯ ಶಿಕ್ಷಕರ ಕೋಣೆಯಲ್ಲಿದ್ದವರು ಇಂಗ್ಲಿಷ್ ಮಾಸ್ತರರು ಮತ್ತು ನಾನು. ಅವರು ಟೆಹರಾನಿನ ಖಾಸಗಿ ಭಾಷಾಶಾಲೆಯೊಂದರಲ್ಲಿ ಎರಡು ವರ್ಷ ಕಲಿಸಿ ಮರಳಿದ್ದರು. ಮಾತಿನ ನಡುವೆ ಎದೆಯ ಕಿಸೆ ಮುಟ್ಟಿಕೊಳ್ಳುವುದು ಅವರ ರೂಢಿ. ಏಕೆಂದು ನನಗೆ ಕುತೂಹಲ.

ಅಂಥದೇ ಶಾಲೆಯಿಂದ ನನಗೆ ಬಂದ ಕರಾರುಪತ್ರ ತೋರಿಸಿದೆ. "ಪಗಾರ ಇಲ್ಲಿಗಿಂತ ನಾಕು ಪಟ್ಟು ಐತ್ರಿ!"

"ಪಗಾರ ಒಂದ ಓದಿದೇನಲೇ? ಪಾಸ್‌ಪೋರ್ಟ್ ಯಾರ ಕಡೆ ಇರತೈತಿ?"

"ಜೋಪಾನಕ್ಕ ಶಾಲಿಯವರ ಕಡೆ ಅಂತ ಬರದಾರ್ರಿ."

"ನಂದೂ ಜೋಪಾನ ಮಾಡಿದ್ರು. ಬೇಡಿದ್ರೂ ಕೊಡಲಿಲ್ಲ. ತಂಗಿ ಲಗ್ನದ ಅಕ್ಕಿಕಾಳು ನನಗ ಟಪಾಲಿನಾಗ ಬಂದ್ವು."

ಕಿಸೆಯಿಂದ ತಮ್ಮ ಪಾಸ್‌ಪೋರ್ಟ್ ತೆಗೆದು ತೋರಿಸಿ, ಮತ್ತೆ ಒಳಗಿಟ್ಟರು.

ನಾನು ಆ ಸಾಲನ್ನು ಹೊಡೆದುಹಾಕಿ, ಪಾಸ್‌ಪೋರ್ಟ್ ನನ್ನ ಬಳಿಯೇ ಇರತಕ್ಕದ್ದು ಎಂದು ಬರೆದು ಸಹಿ ಮಾಡಿದೆ. ಅಂಚೆಚೀಟಿಯನ್ನು ಅವರೇ ಅಂಟಿಸಿದರು. ಐದು ಗಂಟೆಯ ಟಪಾಲಿಗೆ ನಾನು ಹಾಕಿದೆ.