ಮೂರನೇ ಸಾಲಿನ ಒನೇಲಿಯಾ ಮತ್ತು ನನ್ನ ಕುರ್ಚಿ

ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು 'ಇಂದು ನಾನು ಶಾಂತ' ಎಂದು ಹೇಳಿಕೊಳ್ಳುವ ಗಂಡಸು ನಾನು. ನಮ್ಮೂರು ಪಿನಾರ್ ದೆಲ್ ರಿಯೋದ ಬಸ್ ನಿಲ್ದಾಣ ತಲುಪುವಷ್ಟರಲ್ಲಿ ಆ ಶಾಂತಿ ಮುಗಿದಿರುತ್ತದೆ. ಇಂಥವನಿಗೆ ಈಚೆಗೆ ಬೇರೆಯವರಿಗೆ ಶಾಂತಿ ಹಂಚುವ ಕೆಲಸ ಬಂತು.

ಸಿಗಾರ್ ಕಾರ್ಖಾನೆಯಲ್ಲಿ ನಾನು ಓದುಗ, ಕೆಲಸಗಾರರಿಗೆ ಗಟ್ಟಿಯಾಗಿ ಓದಿ ಹೇಳುವವನು. ಸಿಗಾರ್ ಸುತ್ತುವವರ ಕೈ ತಂಬಾಕಿನ ಎಲೆಯ ಮೇಲೆ, ಕಿವಿ ನನ್ನ ಮೇಲೆ. ಬೆಳಿಗ್ಗೆ ಪತ್ರಿಕೆ, ಮಧ್ಯಾಹ್ನ ಅವರೇ ಕೈಯೆತ್ತಿ ಆರಿಸಿದ ಕಾದಂಬರಿ. ಮೆಚ್ಚಿದರೆ ಎಲೆ ಕತ್ತರಿಸುವ ಬಾಗುಗತ್ತಿಯಿಂದ ತಮ್ಮ ಮುಂದಿನ ಹಲಗೆ ಬಡಿಯುತ್ತಾರೆ. ಮೆಚ್ಚದಿದ್ದರೆ ಅದನ್ನೇ ನೆಲಕ್ಕೆ ಎಸೆಯುತ್ತಾರೆ. ನಾನು ಓದುವಾಗ ಯಾರೂ ಎಸೆದಿರಲಿಲ್ಲ. ಅದನ್ನು ನನ್ನ ಪ್ರತಿಭೆ ಎಂದುಕೊಂಡಿದ್ದೆ.

ಮೂರನೇ ಸಾಲಿನ ಒನೇಲಿಯಾ ತನ್ನ ತಾಯಿ ಕೂತ ಜಾಗದಲ್ಲೇ ಕೂತು ಕೂದಲು ನೆರೆಸಿಕೊಂಡವಳು. ಗಂಡ ಬಿಟ್ಟುಹೋದ ಮರುದಿನವೂ ಕೆಲಸಕ್ಕೆ ಬಂದಿದ್ದಳಂತೆ. "ಅವ್ನು ಹೋದ, ಸರಿ. ಕತೇಲಿ ಆ ಹುಡ್ಗಿ ಏನಾದ್ಲು ಅಂತ ಗೊತ್ತಾಗ್ಬೇಕಿತ್ತಲ್ಲ!" ಎನ್ನುತ್ತಾಳೆ. ಅವಳ ಕುರ್ಚಿಯ ಒರಗುಹಲಗೆ ಕಾರ್ನಿವಲ್ ಹಬ್ಬಕ್ಕೆ ಮೊದಲೇ ಮುರಿದಿತ್ತು. ಬಡಗಿಯನ್ನು ಕರೆಸಿ ಎಂದು ಕೇಳಿ ಕೇಳಿ ಅವಳಿಗೆ ಸಾಕಾಗಿತ್ತು. ಬೆನ್ನು ಹಿಡಿದುಕೊಂಡ ಅವಳನ್ನು ಸಂಜೆ ಪಕ್ಕದವರು ಕೈ ಹಿಡಿದು ಎಬ್ಬಿಸಬೇಕು. ಕೊನೆಗೆ ಮೇಲ್ವಿಚಾರಕ ಎವೆಲಿಯೋ ಅಂದ: "ಕೂರೋಕಾಗದಿದ್ರೆ ಸೋಮವಾರದಿಂದ ಹಿಂದಿನ ಕೋಣೆಗೆ ಹೋಗಮ್ಮ. ನಿಂತ್ಕೊಂಡು ಎಲೆ ವಿಂಗಡ್ಸು."

ಹಿಂದಿನ ಕೋಣೆಗೆ ಓದು ಕೇಳಿಸುವುದಿಲ್ಲ. ಅವಳ ಮುಖ ಬಿಳಿಚಿಕೊಂಡದ್ದು ಅದಕ್ಕೆ.

ಅದೇ ವಾರ ಎವೆಲಿಯೋ ನನ್ನನ್ನು ಕರೆದು, ಕಾದಂಬರಿಗೆ ಮೊದಲು ದಿನವೂ ಒಂದಿಷ್ಟು 'ನೆಮ್ಮದಿಯ ಮಾತು' ಬರೆದು ಓದಲು ಹೇಳಿದ. ಬಡಗಿ ಸಿಗಲಿಲ್ಲ, ನಾನು ಸಿಕ್ಕಿದೆ! ಹಿಗ್ಗಿ ಅಂಗಿಗೆ ಇಸ್ತ್ರಿ ಹಾಕಿಕೊಂಡು ಬಂದೆ.

"ನೋವು ಬೆನ್ನಿನಲ್ಲಿಲ್ಲ, ಮನಸ್ಸಿನಲ್ಲಿದೆ," ಎಂದು ವೇದಿಕೆಯ ಮೆತ್ತೆ ಕುರ್ಚಿಯಲ್ಲಿ ಕೂತು ಮೈಕಿನಲ್ಲಿ ಓದಿದೆ. "ನೆಟ್ಟಗೆ ಕುಳಿತು ನಗಿರಿ."

ಠಣ್! ಒನೇಲಿಯಾಳ ಕತ್ತಿ ನೆಲಕ್ಕೆ ಬಿತ್ತು. ಹಿಂದೆಯೇ ಅವಳ ಸಾಲಿನವರದು, ಆಮೇಲೆ ಇಡೀ ಕೋಣೆಯದು.

"ಯಾವ ಬೇಕೂಫ ಬರ್ದಿದ್ದೋ ಅದನ್ನ, ಯೋಸ್ವಾನಿ?"

"ನಾನೇ, ಒನೇಲಿಯಕ್ಕ."

"ಹೌದಾ ರಾಜ? ಹಂಗಾದ್ರೆ ನಿನ್ನ ಮೆತ್ತೆ ಕುರ್ಚಿ ಇಲ್ಲಿ ಕೊಡು. ನನ್ನದ್ರ ಮೇಲೆ ಕೂತು ನೀನು ನಗು."

ಕೋಣೆಯೆಲ್ಲ ಗೊಳ್ಳೆಂದಿತು. ನನ್ನ ಕಿವಿ ಕಾದವು. ಕರುಣೆಯಿಂದಲ್ಲ, ಬರೀ ಹಟದಿಂದ ನನ್ನ ಕುರ್ಚಿಯನ್ನು ಕೆಳಗಿಳಿಸಿ ಅವಳದನ್ನು ವೇದಿಕೆಗೆ ಹೊತ್ತೊಯ್ದೆ. ಇಪ್ಪತ್ತಾರರ ಹರೆಯದ ಬೆನ್ನು ನನ್ನದು, ನೋಡೇಬಿಡೋಣ ಎಂದು.

ಕಾದಂಬರಿಯ ಎರಡನೇ ಅಧ್ಯಾಯಕ್ಕೆ ಬರುವಷ್ಟರಲ್ಲಿ ಸೊಂಟಕ್ಕೆ ಬೆಂಕಿ ಬಿತ್ತು. ನಾಯಕಿ ಪ್ರೇಮದಲ್ಲಿ ನರಳಬೇಕಾದಲ್ಲಿ ನಾನು ನಿಜವಾಗಿಯೇ ನರಳಿದೆ. ಹಲಗೆ ಬಡಿದು ಮೆಚ್ಚಿದರು, ಪಾಪಿಗಳು. ಕೆಳಗೆ ಒನೇಲಿಯಾ ಒರಗಿ ಕೂತಿದ್ದಳು. ಸಂಜೆ ಯಾರ ಕೈಯನ್ನೂ ಹಿಡಿಯದೆ ಎದ್ದಳು. ಅದನ್ನು ನೋಡಿದ ಮೇಲೆ ನನಗೆ ಬಂದ ಸಿಟ್ಟಿಗೆ ಇವತ್ತಿಗೂ ಮದ್ದಿಲ್ಲ. ಒಂದು ಹಲಗೆ, ನಾಲ್ಕು ಮೊಳೆ! ಅಷ್ಟರ ಬದಲು ಆ ಹೆಂಗಸಿಗೆ ನನ್ನ ಉಪದೇಶ ಕೊಟ್ಟಿದ್ದರು.

ಸೋಮವಾರ ಎವೆಲಿಯೋ ಬಂದ. "ವೇದಿಕೆ ಕುರ್ಚಿ ವೇದಿಕೆಗೇ ಹೋಗ್ಲಿ. ನೀನು ಹಿಂದಕ್ಕೆ ನಡಿಯಮ್ಮ."

ನಾನು ಮೈಕು ಎತ್ತಿಕೊಂಡೆ. "ಇವತ್ತಿನ ನೆಮ್ಮದಿಯ ಮಾತು: ಮೂರನೇ ಸಾಲಿನವಳು ಈಗ ಚೆನ್ನಾಗಿ ಕೂತಿದ್ದಾಳೆ. ಅವಳನ್ನು ಎಬ್ಬಿಸಿದರೆ ಇಲ್ಲಿ ಓದು ಇಲ್ಲ."

ಕತ್ತಿಗಳು ಒಟ್ಟಿಗೆ ಹಲಗೆ ಬಡಿದವು. ಬಡಿತ ನಿಲ್ಲಲೇ ಇಲ್ಲ. ಎವೆಲಿಯೋ ಏನೋ ಕೂಗಿದ, ಅವನಿಗೇ ಕೇಳಿಸಿರಲಾರದು. ಕೊನೆಗೆ ಕೈ ಕೊಡವಿ ಹೊರಟುಹೋದ.

ಬಡಗಿ ಇನ್ನೂ ಬಂದಿಲ್ಲ. ಮುರುಕು ಕುರ್ಚಿ ನನ್ನದೇ ಆಗಿದೆ. ಕನ್ನಡಿಯ ಮುಂದೆ ಈಗ ಹಲ್ಲು ಮಾತ್ರ ಉಜ್ಜುತ್ತೇನೆ. ದಿನವೂ ಪುಟ ತೆರೆಯುವ ಮೊದಲು ಮೂರನೇ ಸಾಲಿನಿಂದ ಒಂದು ಕೂಗು ಬರುತ್ತದೆ:

"ನೆಟ್ಟಗೆ ಕೂತ್ಕೊಳ್ಳೋ ಮಗನೇ! ನಗು, ನಗು!"