ಮರದ ಪುಸ್ತಕದಲ್ಲಿ ಸಿಕ್ಕ ಹನ್ನೊಂದು ವರ್ಷ

ಬೆಳಗ್ಗೆ ಆರೂಕಾಲು. ಚಿಕ್ಕನಾಯಕನಹಳ್ಳಿ ಸೀಮೆಯ ಈ ಸರ್ಕಾರಿ ತೆಂಗಿನ ಫಾರಂನ ಕಚೇರಿಗೆ ಇನ್ನೂ ಬೀಗ. ನೂರ ನಲವತ್ತೇಳನೇ ನಂಬರಿನ ಮರದ ಬುಡದಲ್ಲಿ ಒಂದು ಜೊತೆ ಹವಾಯಿ ಚಪ್ಪಲಿ, ಮಡಿಸಿಟ್ಟ ಅಂಗಿ, ಟವೆಲ್ಲಿನಲ್ಲಿ ಕಟ್ಟಿದ ಬುತ್ತಿ. ಚಪ್ಪಲಿಯ ಯಜಮಾನರು ಮೂವತ್ತೆಂಟು ಅಡಿ ಮೇಲೆ ಗರಿಗಳ ಸಂದಿಯಲ್ಲಿ ಕೂತಿದ್ದಾರೆ. ಹೊಂಬಾಳೆಗೆ ಹೊದಿಸಿದ ಬಟ್ಟೆ ಚೀಲ ಬಿಚ್ಚಿ, ಸಣ್ಣ ಪ್ಲಾಸ್ಟಿಕ್ ಸೀಸೆಯನ್ನು ಒತ್ತಿ, ಹೆಣ್ಣು ಹೂವಿನ ಒಂದೊಂದೇ ಹರಳಿನ ಮೇಲೆ ಬಿಳಿ ಪುಡಿ ಊದುತ್ತಾರೆ. ಮತ್ತೆ ಚೀಲ ಕಟ್ಟುತ್ತಾರೆ. ಕೆಳಗೆ ನಿಂತು ನೋಡುವ ನನಗೇ ಕತ್ತು ನೋವು ಬಂತು, ಅವರಿಗೆ ಇಳಿಯುವ ಆತುರವೇ ಇಲ್ಲ.

ದುರ್ಗಯ್ಯ ಇವರ ಹೆಸರು. ಈ ತಿಂಗಳ ಮೂವತ್ತಕ್ಕೆ ಅರವತ್ತು ತುಂಬಿ ನಿವೃತ್ತಿ. ಮೂವತ್ತೊಂದು ವರ್ಷದಿಂದ ಇದೇ ತೋಪಿನಲ್ಲಿ ತೆಂಗಿನ ಗಂಡು ಹೆಣ್ಣು ಕೂಡಿಸುವ ಕೆಲಸ. ಎತ್ತರದ ಮರದ ಹೊಂಬಾಳೆಯಲ್ಲಿ ಗಂಡು ಹೂವನ್ನೆಲ್ಲ ಬಿಡಿಸಿ ತೆಗೆಯಬೇಕು. ಗಿಡ್ಡ ಜಾತಿಯ ಮರದಿಂದ ತಂದ ಪರಾಗವನ್ನು ಪೌಡರಿನಲ್ಲಿ ಬೆರೆಸಿ ಹೆಣ್ಣು ಹರಳಿಗೆ ಊದಬೇಕು. ಹರಳು ಬಾಯಿ ಬಿಟ್ಟು ಅಂಟು ಒಸರುವ ಮೂರ್ನಾಲ್ಕು ದಿನ, ಬಿಸಿಲೇರುವ ಮುಂಚೆ, ಬಿಡದೆ ಹತ್ತಬೇಕು. ಆ ದಿನ ತಪ್ಪಿತೋ, ಆ ಹೊಂಬಾಳೆಗೆ ಪಟ್ಟ ಪಾಡೆಲ್ಲ ನೀರಿನಲ್ಲಿ ಹೋಮ. ದಿನಕ್ಕೆ ಇಪ್ಪತ್ತೆರಡು ಮರ ಹತ್ತಿ ಇಳಿಯುತ್ತಾರೆ. ಇಪ್ಪತ್ತೈದು ಹರಳಿಗೆ ಊದಿದರೆ ಕಾಯಾಗಿ ನಿಲ್ಲುವುದು ಏಳೋ ಎಂಟೋ. ಅದು ಬಲಿಯಲು ಹನ್ನೊಂದು ಹನ್ನೆರಡು ತಿಂಗಳು. ಬಲಿತದ್ದನ್ನು ಮೇಲಿಂದ ಎಸೆಯುವಂತಿಲ್ಲ, ಹಗ್ಗ ಕಟ್ಟಿ ಇಳಿಸಬೇಕು. ಹಾಗೆ ಇಳಿದ ಕಾಯಿಯೇ ಮೊಳೆತು ಹೈಬ್ರಿಡ್ ಸಸಿಯಾಗಿ ನಮ್ಮ ತೋಟಗಳಿಗೆ ಬರುತ್ತದೆ.

ನಾನೂ ತಿಪಟೂರು ಕಡೆಯವನೇ. ನಮ್ಮ ತೋಟದಲ್ಲಿ ಅಂಥ ಹದಿನೆಂಟು ಮರ ಇವೆ. ಹದಿನಾರು ವರ್ಷದ ಹಿಂದೆ ಇದೇ ಫಾರಂನಲ್ಲಿ ಕ್ಯೂ ನಿಂತು ಸಸಿ ಒಯ್ದಿದ್ದೆ, ಸಣ್ಣ ಸಸಿ ಕೊಟ್ಟರು ಅಂತ ಜಗಳ ಬೇರೆ ಆಡಿದ್ದೆ. ಆ ಕಾಯಿ ಕಟ್ಟಿಸಿದ ಕೈ ಯಾರದು ಅಂತ ಒಂದು ದಿನವೂ ಕೇಳಿದವನಲ್ಲ. ಮೊನ್ನೆ ಇನ್ನೂ ನಾಲ್ಕು ಸಸಿ ಬೇಕಾಗಿ ಬಂದಾಗ ಈ ಮನುಷ್ಯನ ಕಥೆ ಕಿವಿಗೆ ಬಿತ್ತು. ನಾಚಿಕೆಯಾಯಿತು, ಅದಕ್ಕೇ ಬರೆಯುತ್ತಿದ್ದೇನೆ.

ದಿನಗೂಲಿ ನೌಕರರಿಗೂ ನಿವೃತ್ತಿಯಾದಾಗ ಒಂದಿಷ್ಟು ಇಡಿಗಂಟು ಸಿಗುತ್ತದೆ, ಸೇವೆ ಮಾಡಿದ ವರ್ಷಗಳ ಲೆಕ್ಕದಲ್ಲಿ. ಹೋದ ವರ್ಷ ಕಾಗದಪತ್ರ ಸಿದ್ಧ ಮಾಡಲು ಕೂತಾಗ ದುರ್ಗಯ್ಯನವರ ಸೇವೆ ಇಪ್ಪತ್ತೇ ವರ್ಷ ಅಂತ ಬಂತು. ಹಾಜರಿ ಪುಸ್ತಕದಲ್ಲಿ ಅವರ ಹೆಸರು ಶುರುವಾಗುವುದೇ 2005ರಲ್ಲಿ. ಅವರು ಮೊದಲು ಮರ ಹತ್ತಿದ್ದು 1994ರಲ್ಲಿ. ನಡುವಿನ ಹನ್ನೊಂದು ವರ್ಷ, ಸರ್ಕಾರದ ಪ್ರಕಾರ, ಇಂಥ ಒಬ್ಬ ಮನುಷ್ಯ ಅಲ್ಲಿ ಕೆಲಸ ಮಾಡಿಯೇ ಇಲ್ಲ.

ಹಾಗಾದರೆ ಎಲ್ಲಿದ್ದರು? ‘ಸಾದಿಲ್ವಾರು’ ಬಾಬ್ತಿನಲ್ಲಿ ಇದ್ದರು. ಕಚೇರಿಯ ಚಿಲ್ಲರೆ ಖರ್ಚಿಗೆ ಸರ್ಕಾರಿ ಭಾಷೆಯಲ್ಲಿ ಆ ಹೆಸರು. ಪೊರಕೆ, ಶಾಯಿ, ಬಲ್ಬು, ಬೀಗದ ಕೈ ಎಲ್ಲ ಅದರಲ್ಲೇ ಬರುತ್ತವೆ.

“ಹೊಸದಾಗಿ ಕೂಲಿಯೋರನ್ನ ತಗಬ್ಯಾಡಿ ಅಂತ ಮೇಲಿಂದ ಆರ್ಡರ್ ಆಗಿತ್ತಂತೆ” ಎನ್ನುತ್ತಾರೆ ದುರ್ಗಯ್ಯ, ಮರ ಇಳಿದು ಬೆವರು ಒರೆಸಿಕೊಳ್ಳುತ್ತ. “ಹೊಂಬಾಳೆ ಕೇಳ್ತದಾ ಸ್ವಾಮಿ ಆರ್ಡರ್ನ? ಅದು ತನ್ನ ಟೈಮಿಗೆ ಒಡೀತದೆ. ಆವಾಗಿದ್ದ ಸಾಹೇಬ್ರು ದಾರಿ ಕಾಣ್ದೆ ನನ್ನನ್ನ ಅದ್ರಲ್ಲಿ ಹಾಕುದ್ರು. ಕೆಟ್ಟೋರಲ್ಲ ಬುಡಿ. ವಾರವಾರ ಕೂಲಿ ತಪ್ಪಿಸ್ತಿರ್ಲಿಲ್ಲ.”

ಅವರಿಗೆ ಕೋಪವಿಲ್ಲ. ನನಗಿದೆ. ಆ ಕಾಲದ ಒಂದೇ ಒಂದು ಓಚರ್ ನಕಲು ಅವರ ಮನೆಯಲ್ಲಿ ಉಳಿದಿದೆ, ನೋಡಿದೆ. ‘ಬಟ್ಟೆ ಚೀಲ ಅರವತ್ತು, ಪೌಡರ್ ಡಬ್ಬಿ ನಾಲ್ಕು, ಹಗ್ಗ ಎರಡು ಸುತ್ತು, ದುರ್ಗಯ್ಯ ಆರು ದಿನ.’ ಹಗ್ಗಕ್ಕೂ ದುರ್ಗಯ್ಯನಿಗೂ ನಡುವೆ ಒಂದು ಅಲ್ಪವಿರಾಮ, ಅಷ್ಟೇ ವ್ಯತ್ಯಾಸ. ಇವರ ಜೊತೆ ಹತ್ತುತ್ತಿದ್ದ ಹುಳಿಯಾರು ಕಡೆಯ ಚಿಕ್ಕಹನುಮಯ್ಯ 1999ರಲ್ಲಿ ಬಿದ್ದು ಸೊಂಟ ಮುರಿದುಕೊಂಡರು. ಹಗ್ಗ ಹರಿದರೆ ಹೊಸ ಹಗ್ಗ ತರುತ್ತಾರೆ, ಆಸ್ಪತ್ರೆಗೆ ಸೇರಿಸುತ್ತಾರೆಯೇ? ನೌಕರನೇ ಅಲ್ಲ ಅಂದಮೇಲೆ ಪರಿಹಾರವೂ ಇಲ್ಲ, ಔಷಧಿ ಖರ್ಚೂ ಇಲ್ಲ. ಈಗ ಅವರು ಕೋಲೂರಿಕೊಂಡು ಮನೆ ಮುಂದಿನ ಕುರಿ ನೋಡಿಕೊಳ್ಳುತ್ತಾರೆ.

ಹನ್ನೊಂದು ವರ್ಷ ಲೆಕ್ಕಕ್ಕಿಲ್ಲ ಅಂತ ಕಚೇರಿಯಲ್ಲಿ ಹೇಳಿದ ದಿನ ದುರ್ಗಯ್ಯ ಊಟ ಮಾಡಲಿಲ್ಲವಂತೆ. ಅವರ ಹೆಂಡತಿ ಭೈರಮ್ಮನವರು ಸುಮ್ಮನಿರುವವರಲ್ಲ. ಮಾರನೇ ದಿನವೇ ಗಂಡನ ಜೊತೆ ನಡೆದು ಬಂದು ಕಚೇರಿಯ ಬಾಗಿಲಲ್ಲಿ ನಿಂತರು. ಅವತ್ತು ಕೇಳಿದ್ದನ್ನೇ ನನ್ನನ್ನೂ ಕೇಳಿದರು: “ಹನ್ನೊಂದು ವರ್ಷ ಕೋಳಿ ಕೂಗೋ ಹೊತ್ಗೆ ಎದ್ದು ಮುದ್ದೆ ತೊಳಸಿ ಬುತ್ತಿ ಕಟ್ಟಿದೀನಿ. ಇವ್ರು ಇಲ್ಲಿಗೆ ಬಂದಿಲ್ಲ ಅಂದ್ರೆ ಆ ಬುತ್ತೀನ ಯಾರು ಉಂಡ್ರು, ಹೇಳಿ?”

ಕಚೇರಿಯಲ್ಲಿ ಆ ಪ್ರಶ್ನೆಯನ್ನು ಮನಸ್ಸಿಗೆ ಹಚ್ಚಿಕೊಂಡವರು ಒಬ್ಬರೇ, ಪ್ರಥಮ ದರ್ಜೆ ಸಹಾಯಕಿ ಸುನಂದಾ. ತುರುವೇಕೆರೆ ತಾಲ್ಲೂಕಿನ ಸಂಪಿಗೆಯವರು, ದಿನಾ ಎರಡು ಬಸ್ಸು ಬದಲಿಸಿ ಬರುತ್ತಾರೆ. ಹಳೇ ಓಚರುಗಳನ್ನು ಹುಡುಕಿದರು. ಹತ್ತು ವರ್ಷ ದಾಟಿದ್ದೆಲ್ಲ ನಿಯಮದ ಪ್ರಕಾರ ನಾಶವಾಗಿತ್ತು. ಗೆದ್ದಲು ತಿಂದಿದ್ದರೆ ಗೆದ್ದಲನ್ನು ಬೈಯಬಹುದಿತ್ತು, ನಿಯಮವನ್ನು ಯಾರು ಬೈಯುತ್ತಾರೆ? ಆದರೆ ಅದೇ ಕೊಠಡಿಯ ಮೇಲಿನ ಹಲಗೆಯಲ್ಲಿ ಇಪ್ಪತ್ಮೂರು ದಪ್ಪ ಪುಸ್ತಕಗಳು ಕೂತಿದ್ದವು. ಒಂದೊಂದರ ರಟ್ಟಿನ ಮೇಲೂ ‘ಶಾಶ್ವತ ದಾಖಲೆ’ ಅಂತ ಸೀಲು.

ಅವು ಮರದ ಪುಸ್ತಕಗಳು. ಮರದ ನಂಬರು, ಚೀಲ ಕಟ್ಟಿದ ದಿನ, ಪರಾಗ ಊದಿದ ದಿನ, ನಿಂತ ಕಾಯಿ, ಉದುರಿದ ಕಾಯಿ, ಕೊನೆಯ ಕಾಲಂನಲ್ಲಿ ಹತ್ತಿದವನ ರುಜು. ತಳಿಯ ಮರದ ಚರಿತ್ರೆ ಎಂದೆಂದಿಗೂ ಇರಬೇಕು, ಹಾಗಂತ ನಿಯಮ. ಮನುಷ್ಯನದು ಹತ್ತು ವರ್ಷಕ್ಕೆ ರದ್ದಿ.

ಪುಸ್ತಕ ತೆರೆದರೆ ಸಾಲು ಸಾಲಾಗಿ ‘ದುರ್ಗಯ್ಯ’. ನಾಲ್ಕನೇ ಕ್ಲಾಸಿನ ಅಕ್ಷರ, ಒತ್ತಿ ಒತ್ತಿ ಬರೆದದ್ದು. ರುಜು ಯಾಕೆ ಹಾಕಿಸುತ್ತಿದ್ದರು ಅಂತ ಕೇಳಿದೆ. ದುರ್ಗಯ್ಯ ನಕ್ಕುಬಿಟ್ಟರು. ಕಾಯಿ ನಿಲ್ಲದಿದ್ದರೆ ಯಾರನ್ನು ಬೈಯಬೇಕು ಅಂತ ಗೊತ್ತಾಗಲಿ ಅಂತಂತೆ. ಬೈಯುವುದಕ್ಕೆ ಹೆಸರು ಬೇಕಿತ್ತು, ಹಾಜರಿಗೆ ಬೇಡವಾಗಿತ್ತು.

ಸುನಂದಾ ನಾಲ್ಕು ತಿಂಗಳು, ಊಟದ ವಿರಾಮದಲ್ಲಿ, ಒಂದೊಂದೇ ಪುಟ ತಿರುವಿ ದಿನಗಳನ್ನು ಎಣಿಸಿದರು. ಇನ್ನೂರ ಅರವತ್ತು ದಿನಕ್ಕಿಂತ ಕಮ್ಮಿ ಬಂದ ವರ್ಷ ಒಂದೂ ಇಲ್ಲ. 1997ರಲ್ಲಿ ಮುನ್ನೂರ ಹನ್ನೊಂದು ದಿನ. “ನಾನೇನು ಉಪಕಾರ ಮಾಡಿಲ್ಲ ಸಾರ್, ಎಣಿಸಿದೀನಿ ಅಷ್ಟೆ” ಎನ್ನುತ್ತಾರೆ. ಮೇಲಿನ ಕಚೇರಿ ಅಷ್ಟಕ್ಕೆ ಬಗ್ಗಲಿಲ್ಲ. ಮರದ ದಾಖಲೆಯನ್ನು ಮನುಷ್ಯನ ಸೇವೆಗೆ ಪುರಾವೆ ಎನ್ನಲು ಬರುತ್ತದೆಯೇ ಅಂತ ಆಕ್ಷೇಪಣೆ ಹಾಕಿ ಕಡತ ವಾಪಸ್ ಕಳಿಸಿತು. ಸುನಂದಾ ಉತ್ತರ ಬರೆದರು. ಮತ್ತೆ ವಾಪಸ್ಸು ಬಂತು. ಮೂರನೇ ಸಲ ಒಬ್ಬ ಅಧಿಕಾರಿ ತಾವೇ ಬಂದರು. ಅಷ್ಟು ಹೊತ್ತಿಗೆ ನಿವೃತ್ತಿಗೆ ಉಳಿದಿದ್ದದ್ದು ಎರಡೇ ತಿಂಗಳು.

ಆ ಅಧಿಕಾರಿ ಪುಸ್ತಕಗಳನ್ನು ಮುಂದಿಟ್ಟುಕೊಂಡು ದುರ್ಗಯ್ಯನವರನ್ನು ಕರೆಸಿದರು. ಈ ರುಜು ನಿನ್ನದೇ ಅಂತ ಹೇಗೆ ನಂಬಲಿ ಅಂದರು. ದುರ್ಗಯ್ಯ ಅಳಲಿಲ್ಲ, ಕೈ ಮುಗಿಯಲಿಲ್ಲ.

“ಯಾವ್ದಾದ್ರೂ ಮರದ ನಂಬರ್ ಹೇಳಿ ಸಾರ್” ಅಂದರು.

ಅಧಿಕಾರಿ ಒಂದು ಪುಟ ತೆರೆದು ನೂರ ನಲವತ್ತೇಳು ಅಂದರು. 2001ರ ಆಷಾಢದಲ್ಲಿ ಕುರುವಾಯಿ ಹುಳ ಸುಳಿ ಕೊರೆದು ಆ ಮರದ ಎರಡು ಹೊಂಬಾಳೆ ಹೋಯಿತು, ಮೂರನೆಯದರಲ್ಲಿ ಒಂಬತ್ತು ಕಾಯಿ ನಿಂತವು ಅಂದರು ದುರ್ಗಯ್ಯ. ಪುಸ್ತಕದಲ್ಲೂ ಅದೇ ಇತ್ತು. ಅಧಿಕಾರಿ ಇನ್ನೊಂದು ಕೇಳಿದರು, ಮತ್ತೊಂದು ಕೇಳಿದರು. ಸುನಂದಾ ಪಕ್ಕದಲ್ಲಿ ನಿಂತು ಒಂದೊಂದೇ ಪುಟ ತೆರೆದು ಕೊಟ್ಟರಂತೆ. ಆರು ಮರ ಕೇಳಿದ್ದರಲ್ಲಿ ಐದು ತಾಳೆಯಾಯಿತು. ಎಂಬತ್ತೆಂಟನೇ ಮರದ ವಿಷಯ ನೆನಪಾಗಲಿಲ್ಲ. ಅಧಿಕಾರಿ ಪುಸ್ತಕ ಮುಚ್ಚಿ, ಕನ್ನಡಕ ತೆಗೆದು, ನಮ್ಮ ಕಚೇರಿಯಲ್ಲಿ ಹೋದ ವಾರ ಏನಾಯಿತು ಅಂತ ಕೇಳಿದರೆ ನನಗೇ ಹೇಳಲು ಬರುವುದಿಲ್ಲ ಅಂದರಂತೆ. ಅಲ್ಲೇ ಕೂತು, ರುಜು ಇವರದೇ ಅಂತ ಕಡತದಲ್ಲಿ ಷರಾ ಬರೆದರು. ದುರ್ಗಯ್ಯನಿಗೆ ಮಾತ್ರ ಆ ಎಂಬತ್ತೆಂಟು ಇವತ್ತಿಗೂ ಕೊರೆಯುತ್ತದೆ. ಆ ಮರದ ಕಡೆ ಹೋದಾಗಲೆಲ್ಲ ಒಮ್ಮೆ ನಿಂತು ನೋಡುತ್ತಾರೆ.

ಹೋದ ಗುರುವಾರ ಆದೇಶ ಬಂತು. ಹನ್ನೊಂದು ವರ್ಷವೂ ಸೇವೆ, ಮೂವತ್ತೊಂದು ವರ್ಷದ ಲೆಕ್ಕದಲ್ಲೇ ಇಡಿಗಂಟು. ಸುನಂದಾ ಓದಿ ಹೇಳಿದಾಗ ಭೈರಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ದುರ್ಗಯ್ಯ ಮೊದಲು ಕೇಳಿದ್ದು ಚಿಕ್ಕಹನುಮಯ್ಯನ ಸುದ್ದಿ. ಅವರ ರುಜುವೂ ಅದೇ ಪುಸ್ತಕಗಳಲ್ಲಿದೆ, ಬಿದ್ದ ದಿನದ ತನಕ. ಈ ಆದೇಶದ ಪ್ರತಿ ಲಗತ್ತಿಸಿ ಅವರ ಅರ್ಜಿಯೂ ಈಗ ಮೇಲಕ್ಕೆ ಹೋಗಿದೆ. ಅದೂ ವಾಪಸ್ಸು ಬರಬಹುದು. ಬಂದರೆ ಮತ್ತೆ ಕಳಿಸೋದು ಅನ್ನುತ್ತಾರೆ ಸುನಂದಾ, ಬಸ್ಸಿಗೆ ಕಾಯುವಷ್ಟೇ ಸಲೀಸಾಗಿ.

ದುಡ್ಡಿನಲ್ಲಿ ಏನು ಮಾಡುತ್ತೀರಿ ಅಂದೆ. ಮನೆಯ ಹೆಂಚು ತೆಗೆಸಿ ತಾರಸಿ ಹಾಕಿಸಬೇಕು ಅಂದರು. ಅದು ಸರಿ, ಇನ್ನೇನಾದರೂ ಆಸೆ ಇದೆಯೇ ಅಂದೆ. ದುರ್ಗಯ್ಯ ಕಚೇರಿಯ ಜಗುಲಿ ಕಡೆ ನೋಡಿದರು. ಅಲ್ಲಿ ಗೋಡೆಗೆ ‘ಸಿಬ್ಬಂದಿ ವಿವರ’ ಅಂತ ಕಪ್ಪು ಬೋರ್ಡು. ಆರು ಹೆಸರು, ಕೆಳಗೆ ಒಂದು ಸಾಲು ಖಾಲಿ. ದಿನಗೂಲಿಯವರ ಹೆಸರು ಅದರಲ್ಲಿ ಬರೆಯುವ ಪದ್ಧತಿ ಇಲ್ಲ. ಆ ಖಾಲಿ ಸಾಲಿನಲ್ಲಿ ತಮ್ಮ ಹೆಸರು ಬರೆಸಬೇಕು, ಅಷ್ಟೇ ಅವರ ಆಸೆ.

ಆ ಹೊತ್ತಿಗೆ ಈಗಿನ ಫಾರಂ ಅಧಿಕಾರಿ ಮೋಹನ್ ಕುಮಾರ್ ಬಂದರು. ಒಳ್ಳೆಯ ಮನುಷ್ಯ, ಆದರೆ ಲೆಕ್ಕದವರು. ಪದ್ಧತಿ ಇಲ್ಲದಿದ್ದರೇನಂತೆ, ಬರೆಸೋಣ, ಆದರೆ ಇನ್ನು ಹತ್ತೊಂಬತ್ತೇ ದಿನಕ್ಕೆ ಅಳಿಸಬೇಕಲ್ಲ ಅಂತ ತಲೆ ಕೆರೆದುಕೊಂಡರು. ಪೇಂಟಿನ ಖರ್ಚನ್ನು ಯಾವ ಬಾಬ್ತಿಗೆ ಹಾಕಲಿ ಅಂತ ಸುನಂದಾರನ್ನು ಕೇಳಿದರು.

ಸುನಂದಾ ಬಾಯಿ ತೆರೆಯುವ ಮೊದಲೇ ದುರ್ಗಯ್ಯ ಅಂಗಿಯ ಗುಂಡಿ ಹಾಕಿಕೊಂಡು ಎದ್ದು ನಿಂತರು.

“ಪೇಂಟನ್ನ ಸಾದಿಲ್ವಾರಿಗೆ ಹಾಕ್ಕಳಿ ಸಾರ್” ಅಂದರು. “ನನ್ನನ್ನ ಹಾಕಬ್ಯಾಡಿ, ಅಷ್ಟೆ.”