ನೀಲಿ ಫ್ಯೂಸ್

ಆ ಭಾನುವಾರ ಮಗಳು ನನ್ನನ್ನು ಎರಡು ಸಲ ಅಂಗಡಿಗೆ ಕಳಿಸಿದಳು.

ಅಬ್ಬಿಗೆರೆಯ ನಮ್ಮ ಮನೆಯ ಹಾಲಿನಲ್ಲಿ ಒಂದು ಕಡೆ ನನ್ನ ಹೊಲಿಗೆ ಮೆಷಿನ್, ಇನ್ನೊಂದು ಕಡೆ ಅವಳ ರೋಬೋ. ನಾಲ್ಕು ಚಕ್ರ, ಮುಂದೆ ತಗಡಿನ ಮೂತಿ. ಪಂದ್ಯದಲ್ಲಿ ಎದುರಿನ ರೋಬೋವನ್ನು ತಳ್ಳಿ ಅಂಕಣದಿಂದ ಹೊರಗೆ ಹಾಕಬೇಕು. ಬ್ಯಾಟರಿಯ ಕರೆಂಟನ್ನು ಮೋಟರುಗಳಿಗೆ ಅಳತೆ ಮಾಡಿ ಕೊಡುವ ಕಂಟ್ರೋಲರ್ ಬೋರ್ಡನ್ನು ಅವಳೇ ಬೆಸುಗೆ ಹಾಕಿ ಮಾಡಿದ್ದಳು, ಬೆರಳು ಸುಟ್ಟುಕೊಂಡಿದ್ದಳು. ಬ್ಯಾಟರಿಗೂ ಬೋರ್ಡಿಗೂ ನಡುವೆ ಬೈಕಿಗೆ ಹಾಕುವಂಥ ಪುಟ್ಟ ಫ್ಯೂಸ್. ಅವತ್ತು ಅದು ಸುಟ್ಟುಹೋಗಿತ್ತು.

ನೀಲಿಯದೇ ತಗೊಂಡು ಬಾ ಎಂದಿದ್ದಳು. ಸರ್ಕಲ್ಲಿನ ಸ್ಪೇರ್ ಪಾರ್ಟ್ಸ್ ಅಂಗಡಿಯವನು ಹಸಿರು ಬಣ್ಣದ್ದು ಕೊಟ್ಟ. ಅದು ಇನ್ನೂ ಹೆಚ್ಚು ಕರೆಂಟ್ ತಡೆದುಕೊಳ್ಳುತ್ತದಂತೆ. ಹೆಚ್ಚು ತಡೆದುಕೊಂಡರೆ ಒಳ್ಳೆಯದೇ ಅಲ್ಲವೇ ಎಂದುಕೊಂಡು ಬಂದೆ.

"ಇದೇನ್ ಮ್ಯಾಚಿಂಗ್ ಬ್ಲೌಸಾ ಅಮ್ಮ, ಹತ್ತಿರದ ಬಣ್ಣ ನಡೆಯುತ್ತೆ ಅನ್ನೋಕೆ? ಹಸಿರು ಹಾಕಿದ್ರೆ ಫ್ಯೂಸ್ ಉಳಿಯುತ್ತೆ, ಬೋರ್ಡ್ ಹೋಗುತ್ತೆ. ಮೊದಲು ಹೋಗೋದೇ ಇದರ ಕೆಲಸ."

ಬಿಸಿಲಿಗೆ ಗೊಣಗುತ್ತಲೇ ಮತ್ತೆ ಹೋದೆ. ಅಂಗಡಿಯವನು ಡಬ್ಬಿಯನ್ನೆಲ್ಲ ತಡಕಿ ನೀಲಿಯವು ಒಂದು ಹಿಡಿ ಕೊಟ್ಟ.

ಮರುದಿನ ಬೆಳಗ್ಗೆ ಕಾಲೇಜಿಗೆ ಹೊರಟವಳ ಸ್ಕೂಟರಿಗೆ ನೀರಿನ ಟ್ಯಾಂಕರ್ ಬಡಿಯಿತು.

ತಿಥಿಗೆ ಬಂದವರೆಲ್ಲ ಹೇಳಿದ್ದು ಒಂದೇ: ಮನಸ್ಸು ಗಟ್ಟಿ ಮಾಡಿಕೋ, ಅವಳ ಸಾಮಾನು ಕಣ್ಣೆದುರು ಇಟ್ಟುಕೊಳ್ಳಬೇಡ. ನಾನು ಬಟ್ಟೆಯನ್ನೂ ಕೊಡಲಿಲ್ಲ, ರೋಬೋವನ್ನೂ ಕೊಡಲಿಲ್ಲ.

ಪಂದ್ಯ ಹತ್ತಿರವಾದಾಗ ಅವಳ ಜೊತೆ ಓದುತ್ತಿದ್ದ ಗೆಳತಿ ಬಂದಳು. ಒಂದು ದಿನಕ್ಕೆ ಕೊಡಿ ಆಂಟಿ, ಅವಳ ಹೆಸರಿನಲ್ಲೇ ಇಳಿಸುತ್ತೇನೆ ಎಂದಳು. ಒಪ್ಪಿದೆ. ತಾರಸಿಯ ಮೇಲೆ ಓಡಿಸಿ ನೋಡಿದರೆ, ಗೋಡೆಗೆ ಒತ್ತಿ ನಿಂತಾಗಲೆಲ್ಲ ಫ್ಯೂಸ್ ಹೋಯಿತು. ನನ್ನ ಯಜಮಾನರು ಕೆಳಗಿಳಿದು ತಾಮ್ರದ ತಂತಿ ತಂದರು. ನಮ್ಮ ಬೀದಿಯಲ್ಲಿ ಮೀಟರ್ ಬೋರ್ಡಿನ ಫ್ಯೂಸ್ ಹೋದರೆ ಎಲ್ಲರೂ ಮಾಡುವುದು ಅದನ್ನೇ, ದಪ್ಪ ತಂತಿ ಸುತ್ತಿ ಸುಮ್ಮನಾಗುತ್ತಾರೆ. ಅಪ್ಪ ಮಗಳಿಗೆ ಜಗಳವೆಂದು ಆಗುತ್ತಿದ್ದರೆ ಆ ತಂತಿಯ ವಿಷಯಕ್ಕೇ.

"ಒಂದ್ ದಿನದ ಮಟ್ಟಿಗೆ ಕಣೇ. ಮಗು ಹೆಸ್ರಲ್ಲಿ ಗೆಲ್ಲೋದು ಬೇಡ್ವಾ ನಿಂಗೆ?"

"ಬೇಡ. ತಂತಿ ಕೆಳಗಿಡಿ. ಅವಳು ಕೈಯಾರೆ ಮಾಡಿದ್ದು ಅಂತ ಉಳಿದಿರೋದು ಆ ಬೋರ್ಡ್ ಒಂದೇ. ನೀಲಿ ಹಾಕ್ಕೊಂಡ್ ಹೋಗೋದಾದ್ರೆ ಹೋಗ್ಲಿ, ಇಲ್ಲಾಂದ್ರೆ ಇಲ್ಲೇ ಇರ್ಲಿ."

ಸೋಲುತ್ತೇವೆ ಆಂಟಿ ಎಂದಳು ಗೆಳತಿ, ಮೆಲ್ಲಗೆ. ಸೋಲಿ ಎಂದೆ.

ಮಗಳು ಓಡಿಸುವ ಮೊದಲು ರೋಬೋವನ್ನು ಕವುಚಿ, ಚಕ್ರದ ಅಚ್ಚಿಗೆ ಸುತ್ತಿಕೊಂಡ ನನ್ನ ಹೊಲಿಗೆ ದಾರದ ಚೂರುಗಳನ್ನು ಬೈಯುತ್ತಾ ಕೀಳುತ್ತಿದ್ದಳು. ದಾರ ಸುತ್ತಿದರೆ ಚಕ್ರ ಬಿಗಿಯಾಗಿ ಮೋಟರ್ ಹೆಚ್ಚು ಕರೆಂಟ್ ಎಳೆಯುತ್ತದೆ. ಪಂದ್ಯದ ಹಿಂದಿನ ದಿನ ಆ ಕೆಲಸಕ್ಕೆ ನಾನು ಕೂತೆ. ಕೆಂಪು ದಾರ, ಬಿಳಿ ದಾರ ಬಂತು. ಅವುಗಳ ಅಡಿಯಲ್ಲಿ ಒಂದು ಉದ್ದನೆಯ ಕೂದಲು. ನನ್ನದು ಅಷ್ಟು ಉದ್ದವಿಲ್ಲ. ಕತ್ತರಿ ಬದಿಗಿಟ್ಟು ಅದನ್ನು ಬೆರಳಿನಲ್ಲೇ ಬಿಡಿಸಿದೆ.

ಯಲಹಂಕದಲ್ಲಿ ನಡೆದ ಪಂದ್ಯಕ್ಕೆ ನಾನೂ ಹೋದೆ. ಮೊದಲನೆಯ ರೋಬೋವನ್ನು ನಮ್ಮದು ಹೊರಗೆ ತಳ್ಳಿತು. ಎರಡನೆಯದು ಭಾರದ್ದು. ಮೂತಿಗೆ ಮೂತಿ ಕೊಟ್ಟು ನಿಂತಾಗ ಚಕ್ರ ತಿರುಗದೆ ಫ್ಯೂಸ್ ಹೋಯಿತು. ಅಲ್ಲಿಗೆ ಸೋತೆವು. ಅವರಿವರು ಅಯ್ಯೋ ಎನ್ನುತ್ತಿದ್ದಾಗ ನಾನು ಬಗ್ಗಿ ಬೋರ್ಡನ್ನು ಮುಟ್ಟಿದೆ. ಬೆಚ್ಚಗಿತ್ತು. ಸುಟ್ಟ ವಾಸನೆ ಇರಲಿಲ್ಲ. ಗೆಳತಿ ಅಳುತ್ತಿದ್ದಳು, ನನಗೆ ಆ ಸೋಲಿಗೆ ಅಳು ಬರಲಿಲ್ಲ.

ಗಟ್ಟಿಯಾಗು ಎಂದು ಈಗಲೂ ಹೇಳುತ್ತಾರೆ. ಆಗುವುದಿಲ್ಲ. ದಪ್ಪ ತಂತಿ ಸುತ್ತಿಕೊಂಡ ಮನೆಗಳು ನಮ್ಮ ಬೀದಿಯಲ್ಲಿ ಬೇಕಾದಷ್ಟಿವೆ. ಬ್ಲೌಸ್ ಹೊಲಿಯುವಾಗ ಅಳು ಬಂದರೆ ಮೆಷಿನ್ ನಿಲ್ಲಿಸಿ ಅಳುತ್ತೇನೆ. ಕಾಯುವವರು ಕಾಯಲಿ, ಆಗದವರು ಬೇರೆ ಕಡೆ ಹೊಲಿಸಿಕೊಳ್ಳಲಿ.

ರೋಬೋ ಅದೇ ಜಾಗದಲ್ಲಿದೆ. ಹೊಸ ನೀಲಿ ಫ್ಯೂಸ್ ಹಾಕಿಟ್ಟಿದ್ದೇನೆ. ಬಣ್ಣ ತಪ್ಪಿ ತಂದರೆ ನನ್ನನ್ನು ಮತ್ತೆ ಅಂಗಡಿಗೆ ಅಟ್ಟುವವಳು ಮನೆಯಲ್ಲಿಲ್ಲ.